ಸೂರ್ಯನ ಬೆಳಕಿನ ವಯಸ್ಸು ಎಷ್ಟು? 8 ನಿಮಿಷವೋ, ಲಕ್ಷ ವರ್ಷವೋ?

ಅರೆನಿದ್ದೆ | ಶನಿವಾರ ರಾತ್ರಿ 9:12
ಎಲ್ಲರಿಗೂ ನಮಸ್ಕಾರ. ನನಗೂ ನನ್ನ ತಂಗಿಗೂ ಒಂದು ವಾದ ನಡೆಯುತ್ತಿದೆ. ನೀವೇ ಬಗೆಹರಿಸಬೇಕು.

ಸೂರ್ಯನ ಬೆಳಕು ಇಲ್ಲಿಗೆ ಬರಲು 8 ನಿಮಿಷ 20 ಸೆಕೆಂಡು ಅಂತ ನಾವೆಲ್ಲ ಕಲಿತಿದ್ದು. ಅವಳು ಯಾವುದೋ ವಿಡಿಯೋ ನೋಡಿಕೊಂಡು ಬಂದು, "ಆ ಬೆಳಕು ಹುಟ್ಟಿ ಲಕ್ಷ ವರ್ಷ ಆಗಿರುತ್ತದೆ, ಸೂರ್ಯನ ಒಳಗಿಂದ ಹೊರಗೆ ಬರುವುದಕ್ಕೇ ಅಷ್ಟು ಕಾಲ ಬೇಕು" ಅನ್ನುತ್ತಾಳೆ. ಹುಡುಕಿ ನೋಡಿದೆ. ಒಂದು ಕಡೆ ಹತ್ತು ಸಾವಿರ ವರ್ಷ ಅಂತಿದೆ, ಇನ್ನೊಂದು ಕಡೆ ಹತ್ತು ಲಕ್ಷ. ಯಾವುದನ್ನು ನಂಬುವುದು?

ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಸೂರ್ಯನ ಕೇಂದ್ರದಿಂದ ಮೇಲ್ಮೈಗೆ ಸುಮಾರು 7 ಲಕ್ಷ ಕಿಲೋಮೀಟರ್. ಎರಡೂ ಕಾಲು ಸೆಕೆಂಡಿನ ದಾರಿ. ಅದಕ್ಕೆ ಲಕ್ಷ ವರ್ಷ ಅಂದ್ರೆ ಹೇಗೆ?

ಅಡ್ಡಮಾತು | 9:15
ತಂಗಿ ಗೆದ್ದರು. ಮುಂದಿನ ಕೇಸ್ ಕರೆಯಿರಿ.

ಲೆಕ್ಕದಮೇಷ್ಟ್ರು | 9:48
ನೇರ ದಾರಿ ಬಿಟ್ಟುಕೊಟ್ಟರೆ ಎರಡೂ ಕಾಲು ಸೆಕೆಂಡು ಸರಿ. ಆದರೆ ದಾರಿ ಬಿಡುವವರು ಯಾರು?

ಸೂರ್ಯನ ನಟ್ಟನಡುವೆ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ 150 ಗ್ರಾಂ ವಸ್ತು ಅದುಮಿಕೊಂಡಿದೆ. ಸೀಸದಲ್ಲಿ ಅದು 11 ಗ್ರಾಂ ಮಾತ್ರ. ಆದರೂ ಅಲ್ಲಿರುವುದು ಗಟ್ಟಿ ವಸ್ತುವಲ್ಲ, ಅನಿಲವೇ. ತಾಪ 1.5 ಕೋಟಿ ಕೆಲ್ವಿನ್ ಮೀರಿದೆ. ಪರಮಾಣುಗಳು ಒಡೆದು ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಓಡಾಡುತ್ತಿರುತ್ತವೆ. ಅಲ್ಲಿ ಫೋಟಾನು, ಅಂದರೆ ಬೆಳಕಿನ ಕಣ, ಒಂದು ಮಿಲಿಮೀಟರ್ ಕೂಡ ನೆಟ್ಟಗೆ ಹೋಗಲಾರದು. ಎಲೆಕ್ಟ್ರಾನಿಗೆ ಬಡಿದು ದಿಕ್ಕು ತಪ್ಪುತ್ತದೆ, ಇಲ್ಲವೇ ಯಾವುದೋ ಅಯಾನು (ಎಲೆಕ್ಟ್ರಾನು ಕಳಕೊಂಡ ಪರಮಾಣು) ಅದನ್ನು ಹೀರಿಕೊಳ್ಳುತ್ತದೆ.

ಪ್ರತಿ ಹೆಜ್ಜೆಯೂ ಯಾವ ದಿಕ್ಕಿಗೆ ಬೇಕಾದರೂ ಬೀಳಬಹುದು ಅಂದಾಗ ಲೆಕ್ಕ ಬೇರೆಯಾಗುತ್ತದೆ. 100 ಹೆಜ್ಜೆ ಇಟ್ಟರೆ ಸರಾಸರಿ 10 ಹೆಜ್ಜೆ ದೂರ ಹೋಗಿರುತ್ತೀರಿ. 10,000 ಇಟ್ಟರೆ 100. ಅಂದರೆ ಹೆಜ್ಜೆಗಳ ವರ್ಗಮೂಲದಷ್ಟೇ ದೂರ. ಹಾಗಾಗಿ ಹೊರಬರುವ ಕಾಲ ಬೇಕಾದರೆ ತ್ರಿಜ್ಯದ ವರ್ಗವನ್ನು ಹೆಜ್ಜೆಯ ಉದ್ದದಿಂದ, ಆಮೇಲೆ ಬೆಳಕಿನ ವೇಗದಿಂದ ಭಾಗಿಸಿ.

ಹೆಜ್ಜೆ 1 ಸೆಂಟಿಮೀಟರ್ ಅಂದುಕೊಂಡರೆ: ಸುಮಾರು 5 ಸಾವಿರ ವರ್ಷ.
1 ಮಿಲಿಮೀಟರ್: 50 ಸಾವಿರ ವರ್ಷ.
ಮಿಲಿಮೀಟರಿನ ಹತ್ತನೇ ಒಂದು: 5 ಲಕ್ಷ ವರ್ಷ.

ನೀವು ಓದಿದ ಅಂಕಿಗಳೆಲ್ಲ ಹುಟ್ಟಿದ್ದು ಇಲ್ಲೇ. ಬರೆದವರು ಹೆಜ್ಜೆ ಎಷ್ಟು ಅಂತ ಊಹಿಸಿದರೋ ಅದರ ಮೇಲೆ ವರ್ಷ. 1992ರಲ್ಲಿ ಮಿಟಾಲಾಸ್, ಸಿಲ್ಸ್ ಎಂಬಿಬ್ಬರು ಕೇಂದ್ರದಲ್ಲಿ ಹೆಜ್ಜೆ ಚಿಕ್ಕದು, ಹೊರಗೆ ಹೋದಂತೆ ದೊಡ್ಡದು ಅನ್ನುವುದನ್ನೂ ಸೇರಿಸಿ ಲೆಕ್ಕ ಹಾಕಿದರು. ಬಂದಿದ್ದು ಸುಮಾರು 1.7 ಲಕ್ಷ ವರ್ಷ.

ಅರೆನಿದ್ದೆ | 9:55
ಅಯ್ಯೋ, ಹಾಗಾದರೆ ಅವಳದ್ದೇ ಸರಿ. ಇದನ್ನು ಅವಳಿಗೆ ತೋರಿಸುವುದಿಲ್ಲ.

ನೀಹಾರಿಕೆ | 10:20
ತೋರಿಸಬೇಡಿ, ಕೇಸ್ ಇನ್ನೂ ಮುಗಿದಿಲ್ಲ. ಮೇಷ್ಟ್ರ ಗುಣಾಕಾರ ಭಾಗಾಕಾರ ಸರಿಯಿದೆ, ಆದರೆ ಅವರು ಲೆಕ್ಕ ಹಾಕಿದ್ದು ಒಂದೇ ಫೋಟಾನು ಒಳಗಿಂದ ಹೊರಗೆ ನಡೆದುಕೊಂಡು ಬರುತ್ತದೆ ಅನ್ನುವ ಹಾಗೆ. ಅಂಥ ಫೋಟಾನು ಇಲ್ಲ.

ಕೇಂದ್ರದಲ್ಲಿ ನಾಲ್ಕು ಪ್ರೋಟಾನು ಸೇರಿ ಹೀಲಿಯಂ ಆಗುವಾಗ ಹುಟ್ಟುವ ಗಾಮಾ ಕಿರಣದ ಶಕ್ತಿ ಲಕ್ಷಗಟ್ಟಲೆ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ). ಡ್ಯೂಟೀರಿಯಂಗೆ, ಅಂದರೆ ಭಾರದ ಹೈಡ್ರೋಜನ್ನಿಗೆ, ಪ್ರೋಟಾನು ಸೇರಿದಾಗ ಬರುವುದು 55 ಲಕ್ಷದಷ್ಟು. ನಿಮ್ಮ ಕಣ್ಣಿಗೆ ಬೀಳುವ ಹಳದಿ ಬೆಳಕಿನ ಫೋಟಾನಿಗೆ 2 ಎಲೆಕ್ಟ್ರಾನ್ ವೋಲ್ಟ್ ಇದ್ದರೆ ಹೆಚ್ಚು. ಅದೇ ಫೋಟಾನು ಹೊರಗೆ ಬಂದಿದ್ದರೆ ಸೂರ್ಯ ಗಾಮಾ ಕಿರಣ ಸುರಿಸುತ್ತಿದ್ದ, ನಾವು ಇಲ್ಲಿ ಕೂತು ವಾದ ಮಾಡುತ್ತಿರಲಿಲ್ಲ.

ಬ್ಯಾಂಕಿಗೆ ದುಡ್ಡು ಕಟ್ಟಿ ಆಮೇಲೆ ತೆಗೆದ ಹಾಗೆ. ನೀವು ಕಟ್ಟಿದ ನೋಟೇ ನಿಮ್ಮ ಕೈಗೆ ವಾಪಸ್ ಬರುವುದಿಲ್ಲ. ಲೆಕ್ಕ ಮಾತ್ರ ಸರಿಹೋಗುತ್ತದೆ. ಒಳಗಿನ ಒಂದು ಗಾಮಾ ಫೋಟಾನಿನ ಶಕ್ತಿ ಮೇಲ್ಮೈಗೆ ಬರುವಷ್ಟರಲ್ಲಿ ಲಕ್ಷಗಟ್ಟಲೆ ಸಣ್ಣ ಫೋಟಾನುಗಳಾಗಿ ಹಂಚಿಹೋಗಿರುತ್ತದೆ. ನೀವು ನೋಡುವ ಫೋಟಾನು ಹುಟ್ಟಿದ್ದು ಮೇಲ್ಮೈಯಲ್ಲಿ. ಅದರ ವಯಸ್ಸು 8 ನಿಮಿಷ 20 ಸೆಕೆಂಡು. ಅರೆನಿದ್ದೆಯವರೇ, ನೀವು ಗೆದ್ದಿರಿ.

ಬೆಳದಿಂಗಳು | 10:31
ಛೇ. ಮುಖಕ್ಕೆ ಬೀಳುವ ಬಿಸಿಲು ಲಕ್ಷ ವರ್ಷ ಹಳೆಯದು ಅಂದುಕೊಂಡು ಎಷ್ಟು ಖುಷಿಪಡುತ್ತಿದ್ದೆ. ನೀವೆಲ್ಲ ಸೇರಿ ಅದನ್ನೂ ಹಾಳುಮಾಡಿದಿರಿ.

ಅಡ್ಡಮಾತು | 10:33
ಬ್ಯಾಂಕಿನವರು ಅಷ್ಟು ದಿನ ಇಟ್ಟುಕೊಂಡು ಬಡ್ಡಿ ಎಷ್ಟು ಕೊಟ್ಟರು?

ಲೆಕ್ಕದಮೇಷ್ಟ್ರು | 10:52
ನೀಹಾರಿಕೆ ಮೇಡಂ, ಒಂದು ತಕರಾರು. ಎಲೆಕ್ಟ್ರಾನಿಗೆ ಬಡಿದು ಚದುರಿದಾಗ ಫೋಟಾನು ಸಾಯುವುದಿಲ್ಲ. ದಿಕ್ಕು ಬದಲಾಗುತ್ತದೆ, ಶಕ್ತಿ ಅಷ್ಟಾಗಿ ಬದಲಾಗುವುದಿಲ್ಲ. ಸೂರ್ಯನ ಒಳಗೆ ಇಂಥ ಚದುರುವಿಕೆ ಸಾಕಷ್ಟಿದೆ. ಎಲ್ಲ ಕಡೆಯೂ ಹಳೆಯದು ಸತ್ತು ಹೊಸದು ಹುಟ್ಟುತ್ತದೆ ಅನ್ನುವುದು ಜಾಸ್ತಿಯಾಯಿತು.

ನೀಹಾರಿಕೆ | 11:04
ಎಲ್ಲ ಕಡೆ ಅಂತ ಎಲ್ಲಿ ಹೇಳಿದೆ ಸರ್? ಹತ್ತು ಸಲ ಚದುರಲಿ, ನೂರು ಸಲ ಚದುರಲಿ. ನಿಮ್ಮದೇ ಲೆಕ್ಕದಲ್ಲಿ ಮಿಲಿಮೀಟರ್ ಹೆಜ್ಜೆಯಾದರೆ ಒಟ್ಟು ಹೆಜ್ಜೆಗಳು 1ರ ಮುಂದೆ 23 ಸೊನ್ನೆ ದಾಟುತ್ತವೆ. ಅಷ್ಟರಲ್ಲಿ ಒಂದು ಸಲವೂ ನುಂಗಿಸಿಕೊಳ್ಳದೆ ಬರುವ ಫೋಟಾನು ಯಾವುದು?

ತರಂಗ | 11:26
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಕೇಂದ್ರದಲ್ಲಿ ಹುಟ್ಟುವ ಶಕ್ತಿಯೆಲ್ಲ ಬೆಳಕಾಗಿ ಹುಟ್ಟುವುದೇ ಇಲ್ಲ. ಒಂದು ಹೀಲಿಯಂ ಆದಾಗ ಸಿಗುವುದು 267 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅದರಲ್ಲಿ ನೂರಕ್ಕೆ ಎರಡರಷ್ಟನ್ನು ನ್ಯೂಟ್ರಿನೊ, ಅಂದರೆ ಯಾವುದಕ್ಕೂ ಅಷ್ಟಾಗಿ ತಾಗದೆ ತೂರಿಹೋಗುವ ಕಣ, ಹೊತ್ತುಕೊಂಡು ಹೋಗುತ್ತದೆ. ಕೊನೆಯ ಹಂತದಲ್ಲಿ ಎರಡು ಹೀಲಿಯಂ-3 (ಹೀಲಿಯಂನ ಹಗುರ ರೂಪ) ಡಿಕ್ಕಿ ಹೊಡೆದಾಗ 129 ಲಕ್ಷದಷ್ಟು ಬರುತ್ತದಲ್ಲ, ಅದು ಫೋಟಾನು ಅಲ್ಲ. ಸಿಡಿದ ಕಣಗಳ ಓಟದ ಶಕ್ತಿ. ಅವು ಅಕ್ಕಪಕ್ಕದವನ್ನು ಗುದ್ದಿ ಬಿಸಿ ಮಾಡುತ್ತವೆ. ಆ ಬಿಸಿ ಅನಿಲ ಎಕ್ಸ್-ರೇ ಹೊರಸೂಸುತ್ತದೆ.

1.5 ಕೋಟಿ ಕೆಲ್ವಿನ್ ಬಿಸಿಯ ಅನಿಲದಲ್ಲಿ ಫೋಟಾನಿನ ಸರಾಸರಿ ಶಕ್ತಿ ಮೂರೂವರೆ ಸಾವಿರ ಎಲೆಕ್ಟ್ರಾನ್ ವೋಲ್ಟ್. ಅದು ಯಾವ ಕ್ರಿಯೆಯಿಂದ ಹುಟ್ಟಿತು ಅನ್ನುವ ಗುರುತು ಉಳಿದಿರುವುದಿಲ್ಲ. ಅಲ್ಲಿನ ತಾಪ ಎಷ್ಟು ಅನ್ನುವುದೊಂದೇ ಅದಕ್ಕೆ ಗೊತ್ತು. ಹೊರಗೆ ಹೋದ ಹಾಗೆ ತಾಪ ಇಳಿಯುತ್ತದೆ, ಫೋಟಾನುಗಳ ಶಕ್ತಿ ಇಳಿಯುತ್ತದೆ, ಸಂಖ್ಯೆ ಏರುತ್ತದೆ. ಮೇಲ್ಮೈ 5772 ಕೆಲ್ವಿನ್. ಅಲ್ಲಿಗೆ ಕೇಂದ್ರದ ಒಂದು ಎಕ್ಸ್-ರೇ ಫೋಟಾನು ಎರಡು ಸಾವಿರಕ್ಕೂ ಮಿಕ್ಕಿ ಫೋಟಾನುಗಳಿಗೆ ಸಮ.

ನೀಹಾರಿಕೆ | 11:40
ಮತ್ತೆ ಶಕ್ತಿಯ ವಯಸ್ಸೇ ಬೇಕು ಅನ್ನುವುದಾದರೆ 1.7 ಲಕ್ಷ ಕೂಡ ಸಾಲದು. ಸೂರ್ಯನ ಒಳಗಿರುವ ಶಾಖದಲ್ಲಿ ಬೆಳಕಿನ ರೂಪದಲ್ಲಿರುವುದು ಸಾವಿರಕ್ಕೆ ಕೆಲವೇ ಭಾಗ. ಮಿಕ್ಕಿದ್ದೆಲ್ಲ ಕಣಗಳ ಓಡಾಟದಲ್ಲಿದೆ. ಶಕ್ತಿ ಬಹುಪಾಲು ಸಮಯ ಕಣಗಳ ಹತ್ತಿರವೇ ಇರುತ್ತದೆ, ನಡುನಡುವೆ ಫೋಟಾನಾಗಿ ಒಂದು ಹೆಜ್ಜೆ ಇಡುತ್ತದೆ. ಸೂರ್ಯನಲ್ಲಿರುವ ಒಟ್ಟು ಶಾಖವನ್ನು ಅದು ಖರ್ಚುಮಾಡುವ ವೇಗದಿಂದ ಭಾಗಿಸಿದರೆ ಸುಮಾರು 3 ಕೋಟಿ ವರ್ಷ ಬರುತ್ತದೆ. ಕೆಲ್ವಿನ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ಕಾಲ ಅದೇ. ಬೈಜಿಕ ಕ್ರಿಯೆ ಗೊತ್ತಿಲ್ಲದ ಕಾಲದಲ್ಲಿ ಸೂರ್ಯನ ವಯಸ್ಸೇ ಅಷ್ಟು ಅಂದುಕೊಂಡಿದ್ದರು.

ಬೆಳದಿಂಗಳು | 11:42
3 ಕೋಟಿ! ನನ್ನ ಖುಷಿ ವಾಪಸ್ ಬಂತು. ಥ್ಯಾಂಕ್ಸ್ ನೀಹಾರಿಕೆ.

ಲೆಕ್ಕದಮೇಷ್ಟ್ರು | ಭಾನುವಾರ ಬೆಳಿಗ್ಗೆ 6:30
ಫೋಟಾನು ಎಷ್ಟು ಹೊತ್ತಿಗೆ ಸೋರುತ್ತದೆ ಅನ್ನುವುದು ಒಂದು ಪ್ರಶ್ನೆ. ಶಾಖ ಎಷ್ಟು ಹೊತ್ತಿಗೆ ಬದಲಾಗುತ್ತದೆ ಅನ್ನುವುದು ಇನ್ನೊಂದು. ನಾನು ಉತ್ತರ ಕೊಟ್ಟಿದ್ದು ಮೊದಲನೆಯದಕ್ಕೆ. ಎರಡನ್ನೂ ಕಲಸಬೇಡಿ.

ಗೂಬೆಕಣ್ಣು | 7:15
ಇಷ್ಟೂ ಓದಿದ ಮೇಲೆ ಒಂದು ಭಯದ ಪ್ರಶ್ನೆ. ಸೂರ್ಯನ ಒಳಗಿನ ಉರಿ ನಿನ್ನೆಯೇ ನಿಂತುಹೋಗಿದ್ದರೆ ನಮಗೆ ಗೊತ್ತಾಗುವುದು ಯಾವಾಗ? ಲಕ್ಷ ವರ್ಷ ಆದ ಮೇಲಾ?

ತರಂಗ | 7:50
ಬೆಳಕನ್ನು ಕೇಳಿದರೆ ಹಾಗೇ. ಆದರೆ ನ್ಯೂಟ್ರಿನೊ ಇದೆಯಲ್ಲ. ಅದಕ್ಕೆ ಸೂರ್ಯನ ಒಡಲು ಲೆಕ್ಕಕ್ಕೇ ಇಲ್ಲ. ಹುಟ್ಟಿದ ಎರಡೂ ಕಾಲು ಸೆಕೆಂಡಿಗೆ ಹೊರಗೆ, ಇನ್ನು 8 ನಿಮಿಷಕ್ಕೆ ಇಲ್ಲಿ. ಭೂಮಿಯ ಒಂದೊಂದು ಚದರ ಸೆಂಟಿಮೀಟರಿನಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೊ ಹಾದುಹೋಗುತ್ತಿವೆ. ಉರಿ ನಿಂತರೆ ಅವತ್ತೇ ಗೊತ್ತಾಗುತ್ತದೆ.

ನಿಮ್ಮ ಭಯ ಹೊಸದೇನಲ್ಲ. ರೇಮಂಡ್ ಡೇವಿಸ್ ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯ ಆಳದಲ್ಲಿ, ಬಟ್ಟೆಯ ಡ್ರೈಕ್ಲೀನಿಂಗಿಗೆ ಬಳಸುವ ದ್ರಾವಣವನ್ನು 3.8 ಲಕ್ಷ ಲೀಟರಿನಷ್ಟು ತೊಟ್ಟಿಯಲ್ಲಿ ತುಂಬಿ, 1960ರ ದಶಕದ ಕೊನೆಯಿಂದ ಸೂರ್ಯನ ನ್ಯೂಟ್ರಿನೊ ಹಿಡಿಯುತ್ತ ಕೂತರು. ಸಿಕ್ಕಿದ್ದು ಲೆಕ್ಕದ ಮೂರನೇ ಒಂದು ಭಾಗ. ಸೂರ್ಯನ ಒಳಗೆ ಉರಿ ತಾತ್ಕಾಲಿಕವಾಗಿ ತಗ್ಗಿದೆಯಾ ಅನ್ನುವ ಅನುಮಾನವನ್ನು ಆಗ ವಿಜ್ಞಾನಿಗಳೇ ಎತ್ತಿದ್ದರು. ಕೊನೆಗೆ 2001-02ರಲ್ಲಿ ಕೆನಡಾದ ಸಡ್ಬರಿಯಲ್ಲಿ ಸಾವಿರ ಟನ್ ಭಾರಜಲ ಇಟ್ಟು ನೋಡಿದಾಗ ಗುಟ್ಟು ಬಯಲಾಯಿತು. ನ್ಯೂಟ್ರಿನೊಗಳು ಪೂರ್ತಿ ಬರುತ್ತಿದ್ದವು, ದಾರಿಯಲ್ಲಿ ಜಾತಿ ಬದಲಿಸಿಕೊಂಡಿದ್ದರಿಂದ ಡೇವಿಸರ ತೊಟ್ಟಿಗೆ ಸಿಗುತ್ತಿರಲಿಲ್ಲ.

ನನಗೆ ಇನ್ನೂ ಹಿಡಿಸಿದ್ದು ಇಟಲಿಯ ಬೊರೆಕ್ಸಿನೊ ಎಂಬ ನ್ಯೂಟ್ರಿನೊ ಪ್ರಯೋಗದ 2014ರ ಅಳತೆ. ಪ್ರೋಟಾನು ಪ್ರೋಟಾನು ಕೂಡುವ ಮೊಟ್ಟಮೊದಲ ಹಂತದ ನ್ಯೂಟ್ರಿನೊಗಳನ್ನೇ ಅದು ಎಣಿಸಿತು. ಸೂರ್ಯನ ಒಳಗೆ ಈಗ ಹುಟ್ಟುತ್ತಿರುವ ಶಕ್ತಿ, ಮೇಲ್ಮೈಯಿಂದ ಈಗ ಹೊರಬೀಳುತ್ತಿರುವ ಶಕ್ತಿ, ಎರಡೂ ಅಳತೆಯ ಮಿತಿಯೊಳಗೆ ಸರಿಹೊಂದಿದವು. ಅಂದರೆ ಲಕ್ಷ ವರ್ಷಗಳಿಂದ ಉರಿಯಲ್ಲಿ ದೊಡ್ಡ ಏರುಪೇರಿಲ್ಲ. ಗೂಬೆಕಣ್ಣು, ನೆಮ್ಮದಿಯಾಗಿ ಮಲಗಿ.

ಗೂಬೆಕಣ್ಣು | 7:58
ಹೆಸರೇ ಗೂಬೆಕಣ್ಣು, ಮಲಗುವುದು ಎಲ್ಲಿಂದ ಬಂತು.

ಸುಮ್ನೆಓದುಗ | 9:20
ಮೊದಲ ಸಲ ಬರೆಯುತ್ತಿದ್ದೇನೆ. "ಮೇಲ್ಮೈ" ಅಂತ ಎಲ್ಲರೂ ಹೇಳುತ್ತಿದ್ದೀರಿ. ಸೂರ್ಯ ಪೂರ್ತಿ ಅನಿಲ ಅಲ್ವಾ? ಅನಿಲಕ್ಕೆ ಮೇಲ್ಮೈ ಎಲ್ಲಿಂದ? ಅಂಚು ಯಾಕೆ ಅಷ್ಟು ಚೊಕ್ಕವಾಗಿ ಕತ್ತರಿಸಿದ ಹಾಗೆ ಕಾಣುತ್ತದೆ?

ನೀಹಾರಿಕೆ | 10:05
ಸುಮ್ನೆ ಓದುತ್ತಿದ್ದವರು ಒಳ್ಳೆಯ ಪ್ರಶ್ನೆಯನ್ನೇ ಕೇಳಿದಿರಿ. ಈ ಇಡೀ ಚರ್ಚೆಯ ತಿರುಳು ಇಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ.

ಬೆಳಕು ಕೊನೆಯ ಸಲ ಎಲ್ಲಿ ಬಿಡುಗಡೆಯಾಗುತ್ತದೋ ಅದನ್ನೇ ನಾವು ಮೇಲ್ಮೈ ಅನ್ನುವುದು. ಅದರ ಕೆಳಗೆ ಫೋಟಾನು ಹೊರಟರೆ ಮತ್ತೆ ಸಿಕ್ಕಿಬೀಳುತ್ತದೆ. ಅದರ ಮೇಲೆ ಹೊರಟರೆ ಯಾರೂ ತಡೆಯುವುದಿಲ್ಲ. ಈ ಎರಡರ ನಡುವಿನ ಪದರ ಕೆಲವು ನೂರು ಕಿಲೋಮೀಟರ್ ದಪ್ಪ. 14 ಲಕ್ಷ ಕಿಲೋಮೀಟರ್ ಅಗಲದ ಗೋಳದ ಮೇಲೆ ಕೆಲವು ನೂರು ಕಿಲೋಮೀಟರ್ ನಮ್ಮ ಕಣ್ಣಿಗೆ ಗೆರೆಯೇ.

ಸೋಜಿಗ ಏನೆಂದರೆ ಅಲ್ಲಿನ ಅನಿಲ ನಾವು ಉಸಿರಾಡುವ ಗಾಳಿಗಿಂತ ಸಾವಿರಾರು ಪಟ್ಟು ತೆಳು. ನಮ್ಮ ಗಾಳಿಯಲ್ಲಿ ನೂರು ಕಿಲೋಮೀಟರ್ ಆಚೆಯ ಬೆಟ್ಟ ಕಾಣುತ್ತದೆ. ಅದಕ್ಕಿಂತ ತೆಳುವಾದ ಅನಿಲ ಅಲ್ಲಿ ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ. ಇದು ಬಹಳ ಕಾಲ ಯಾರಿಗೂ ಬಗೆಹರಿಯಲಿಲ್ಲ. ಆ ತಾಪದಲ್ಲಿ ಹೈಡ್ರೋಜನ್ ಪರಮಾಣು ಕೆಲವು ಆಯ್ದ ಬಣ್ಣಗಳನ್ನು ಮಾತ್ರ ಹೀರಬೇಕು. ಆದರೆ ಸೂರ್ಯ ಎಲ್ಲ ಬಣ್ಣಕ್ಕೂ ಅಪಾರದರ್ಶಕ.

1939ರಲ್ಲಿ ರೂಪರ್ಟ್ ವಿಲ್ಟ್ ಅನ್ನುವವರು ಉತ್ತರ ಹೇಳಿದರು. ಋಣ ಹೈಡ್ರೋಜನ್ ಅಯಾನು. ಹೈಡ್ರೋಜನ್ ಪರಮಾಣುವಿಗೆ ಇನ್ನೊಂದು ಎಲೆಕ್ಟ್ರಾನು ಬಂದು ಅಂಟಿಕೊಂಡದ್ದು. ಅಂಟು ಬಹಳ ದುರ್ಬಲ, ಬಿಡಿಸಲು 0.75 ಎಲೆಕ್ಟ್ರಾನ್ ವೋಲ್ಟ್ ಸಾಕು. ಕಣ್ಣಿಗೆ ಕಾಣುವ ಯಾವ ಬಣ್ಣದ ಫೋಟಾನಿಗೂ ಅಷ್ಟು ಶಕ್ತಿ ಇದೆ. ಹಾಗಾಗಿ ಎಲ್ಲ ಬಣ್ಣವನ್ನೂ ಅದು ನುಂಗುತ್ತದೆ. ವಾಪಸ್ ಅಂಟಿಕೊಳ್ಳುವಾಗ ಎಲ್ಲ ಬಣ್ಣವನ್ನೂ ಉಗುಳುತ್ತದೆ. ಕೋಟಿಗಟ್ಟಲೆ ಹೈಡ್ರೋಜನ್ ಪರಮಾಣುಗಳ ನಡುವೆ ಇಂಥದು ಒಂದು ಸಿಕ್ಕಿದರೆ ಹೆಚ್ಚು, ಆದರೂ ಅಷ್ಟೇ ಸಾಕು. ಅದಕ್ಕೆ ಬೇಕಾದ ಹೆಚ್ಚುವರಿ ಎಲೆಕ್ಟ್ರಾನು ಕೊಡುವುದು ಸೋಡಿಯಂ, ಮೆಗ್ನೀಸಿಯಂ, ಕಬ್ಬಿಣದಂಥ ಅಲ್ಪಸ್ವಲ್ಪ ಇರುವ ಧಾತುಗಳು. ಆಮೇಲೆ ಈ ಅಯಾನು ಎಷ್ಟು ಬೆಳಕು ಹೀರುತ್ತದೆ ಅನ್ನುವುದನ್ನು ಸುಬ್ರಹ್ಮಣ್ಯನ್ ಚಂದ್ರಶೇಖರ್ 1940ರ ದಶಕದಲ್ಲಿ ನಿಖರವಾಗಿ ಲೆಕ್ಕಹಾಕಿದರು.

ಹಗಲಿನಲ್ಲಿ ನೀವು ನೋಡುವ ಬೆಳಕಿನ ಬಹುಪಾಲು, ಒಂದು ಎಲೆಕ್ಟ್ರಾನು ಹೋಗಿ ಹೈಡ್ರೋಜನ್ನಿಗೆ ಅಂಟಿಕೊಂಡಾಗ ಹುಟ್ಟಿದ್ದು. ಗಾಮಾ ಕಿರಣದ ಲಕ್ಷ ವರ್ಷದ ಯಾತ್ರೆಯ ಬಗ್ಗೆ ನೂರು ವಿಡಿಯೋ ಇವೆ. ಈ ಬಡಪಾಯಿ ಅಯಾನಿನ ಬಗ್ಗೆ ಒಂದಾದರೂ ಬೇಡವಾ?

ಸುಮ್ನೆಓದುಗ | 10:11
ಇದನ್ನು ಎಲ್ಲೂ ಓದಿರಲಿಲ್ಲ. ನಿಜವಾಗಿಯೂ.

ಲೆಕ್ಕದಮೇಷ್ಟ್ರು | 10:30
ಚೆನ್ನಾಗಿ ಹೇಳಿದಿರಿ ಮೇಡಂ. ಒಂದು ಸೇರಿಸುತ್ತೇನೆ. ಮೇಲ್ಮೈಗೆ ಮುಂಚಿನ ದಾರಿಯಲ್ಲಿ, ಹೊರಗಿನ ನೂರಕ್ಕೆ 30 ಭಾಗದಲ್ಲಿ, ಶಕ್ತಿ ಹೊರುವುದು ಬೆಳಕಲ್ಲ. ಬಿಸಿ ಅನಿಲವೇ ಕುದಿದು ಮೇಲೆದ್ದು, ಶಾಖ ಬಿಟ್ಟು, ಕೆಳಗಿಳಿಯುತ್ತದೆ. ದೂರದರ್ಶಕದಲ್ಲಿ ಸೂರ್ಯನ ಮೇಲೆ ಕಾಣುವ ಕಾಳುಕಾಳಿನಂಥ ಗುರುತುಗಳು ಅದರ ತಲೆಗಳು. ಒಂದೊಂದೂ ಸಾವಿರ ಕಿಲೋಮೀಟರ್ ಅಗಲ, ಆಯುಸ್ಸು ಹತ್ತು ನಿಮಿಷದ ಆಸುಪಾಸು. ಅಂದರೆ "ಫೋಟಾನಿನ ಪ್ರಯಾಣ" ಅನ್ನುವುದು ಅಲ್ಲಿ ಮಾತಿಗೂ ಸಲ್ಲದು.

ನೀಹಾರಿಕೆ | 10:34
ಇದನ್ನೇ ನಿನ್ನೆ ರಾತ್ರಿಯಿಂದ ಹೇಳುತ್ತಿದ್ದೇನೆ!!

ಅಡ್ಡಮಾತು | 10:36
ಸೂರ್ಯನ ಬೆಳಕು ಅತಿ ಹೆಚ್ಚು ಇರುವುದು ಹಸಿರಿನಲ್ಲಿ ಅಂತೆ. ಹಾಗಾದರೆ ಸೂರ್ಯ ಹಸಿರು. ಚರ್ಚೆ ಶುರು.

ತರಂಗ | 10:49
ಬೇಡಪ್ಪಾ. ತರಂಗಾಂತರದ ಲೆಕ್ಕದಲ್ಲಿ ಗೀಚಿದರೆ ತುದಿ 500 ನ್ಯಾನೋಮೀಟರ್ ಹತ್ತಿರ, ಹಸಿರು. ಅದೇ ಬೆಳಕನ್ನು ಆವರ್ತನದ ಲೆಕ್ಕದಲ್ಲಿ ಗೀಚಿದರೆ ತುದಿ 880 ನ್ಯಾನೋಮೀಟರ್ ಹತ್ತಿರ ಹೋಗುತ್ತದೆ, ಕಣ್ಣಿಗೆ ಕಾಣದ ಅವಕೆಂಪು. ತುದಿ ಎಲ್ಲಿದೆ ಅನ್ನುವುದು ನಾವು ಗೀಚುವ ರೀತಿಯ ಮೇಲಿದೆ. ಸೂರ್ಯ ಬಿಳಿ. ವಾತಾವರಣದ ಆಚೆ ನಿಂತು ನೋಡಿದವರಿಗೂ ಬಿಳಿಯೇ.

ಕಿರುಬೆಳಕು | 11:20
ಸೋಡಿಯಂ, ಕಬ್ಬಿಣ ಅಂದ್ರಲ್ಲ, ಅವನ್ನು ಕಣ್ಣಾರೆ ನೋಡಬಹುದು. ದುಬಾರಿ ಉಪಕರಣ ಬೇಡ. ಒಂದು ಹಳೆಯ ಡಿವಿಡಿ, ಒಂದು ರಟ್ಟಿನ ಪೆಟ್ಟಿಗೆ, ಎರಡು ಬ್ಲೇಡು.

ಡಿವಿಡಿಯ ಎರಡು ಪದರವನ್ನು ಬಿಡಿಸಿ. ಬೆಳ್ಳಿ ಲೇಪ ಕಿತ್ತು ಪಾರದರ್ಶಕ ಭಾಗದ ಒಂದು ತುಂಡು ಇಟ್ಟುಕೊಳ್ಳಿ. ಸಿಡಿಯಲ್ಲಿ ಗೆರೆಗಳ ನಡುವಿನ ದೂರ 1.6 ಮೈಕ್ರೋಮೀಟರ್, ಡಿವಿಡಿಯಲ್ಲಿ 0.74. ಅದಕ್ಕೇ ಡಿವಿಡಿ ಬಣ್ಣಗಳನ್ನು ಎರಡು ಪಟ್ಟಿಗೂ ಹೆಚ್ಚು ಹರಡುತ್ತದೆ. ಪೆಟ್ಟಿಗೆಯ ಒಂದು ತುದಿಗೆ ಎರಡು ಬ್ಲೇಡಿನ ಅಂಚುಗಳನ್ನು ಎದುರುಬದುರು ಇಟ್ಟು ಕೂದಲೆಳೆಯಷ್ಟು ಸೀಳು ಬಿಡಿ. ಇನ್ನೊಂದು ತುದಿಗೆ ಡಿವಿಡಿ ತುಂಡು. ಅದರ ಗೆರೆಗಳು ಸೀಳಿಗೆ ಸಮಾನಾಂತರ ಇರಬೇಕು. ಉಳಿದೆಲ್ಲ ಸಂದುಗಳನ್ನು ಕಪ್ಪು ಟೇಪಿನಿಂದ ಮುಚ್ಚಿ.

ಎಚ್ಚರ: ಸೂರ್ಯನ ಕಡೆಗೆ ಯಾವತ್ತೂ ಹಿಡಿಯಬೇಡಿ. ಬಿಸಿಲಲ್ಲಿ ಒಂದು ಬಿಳಿ ಕಾಗದ ಇಟ್ಟು ಅದನ್ನು ನೋಡಿ. ಇಲ್ಲವೇ ಬರೀ ಆಕಾಶ ಸಾಕು.

ಮೊದಲು ಬರೀ ಕಾಮನಬಿಲ್ಲು ಕಾಣುತ್ತದೆ. ಸೀಳನ್ನು ಇನ್ನಷ್ಟು ಕಿರಿದು ಮಾಡಿ, ಕಣ್ಣು ಹೊಂದಿಕೊಳ್ಳಲು ಬಿಡಿ. ಹಳದಿಯಲ್ಲಿ ಒಂದು ಸಣ್ಣ ಕಪ್ಪು ಗೆರೆ, 589 ನ್ಯಾನೋಮೀಟರ್, ಸೋಡಿಯಂ. ಹಸಿರಿನಲ್ಲಿ 517ರ ಹತ್ತಿರ ಒಂದು ದಪ್ಪ ಗೆರೆ, ಮೆಗ್ನೀಸಿಯಂ. ನೀಲಿ ಹಸಿರಿನಲ್ಲಿ 486, ಹೈಡ್ರೋಜನ್. ಫ್ರೌನ್‌ಹೋಫರ್ 1814ರಲ್ಲಿ ಇಂಥ 500ಕ್ಕೂ ಹೆಚ್ಚು ಗೆರೆ ಗುರುತಿಸಿದ್ದರು. ಅವು ಏನು ಅಂತ ಗೊತ್ತಾಗಿದ್ದು 1859ರಲ್ಲಿ, ಕಿರ್ಕಾಫ್ ಮತ್ತು ಬುನ್ಸೆನ್ ಜೋಡಿಯಿಂದ.

ಮೇಲ್ಮೈಯಿಂದ ಬಿಡುಗಡೆಯಾದ ಬೆಳಕನ್ನು ಮೇಲಿನ ತಣ್ಣನೆಯ ಪದರದಲ್ಲಿರುವ ಪರಮಾಣುಗಳು ತಮಗೆ ಬೇಕಾದ ಬಣ್ಣದಲ್ಲಿ ತಡೆಯುತ್ತವೆ. ಆ ಬಣ್ಣದಲ್ಲಿ ನಮಗೆ ಬರುವುದು ಆ ತಣ್ಣನೆಯ ಪದರದ ಮಂದ ಬೆಳಕು ಮಾತ್ರ. ಅದೇ ಕಪ್ಪು ಗೆರೆ.

ಬೆಳದಿಂಗಳು | 11:31
ಗೆರೆ ಇಷ್ಟು ಚೆನ್ನಾಗಿ ಕಂಡಿದ್ದರೂ, ಸೂರ್ಯ ಬಹುಪಾಲು ಹೈಡ್ರೋಜನ್ ಅಂತ 1925ರವರೆಗೆ ಯಾರಿಗೂ ಗೊತ್ತಿರಲಿಲ್ಲ ಅಲ್ವಾ? ಕಬ್ಬಿಣದ ಗೆರೆ ಜಾಸ್ತಿ, ಆದ್ದರಿಂದ ಕಬ್ಬಿಣ ಜಾಸ್ತಿ ಅಂದುಕೊಂಡಿದ್ದರು.

ನೀಹಾರಿಕೆ | 11:45
ಹೌದು. ಯಾವ ತಾಪದಲ್ಲಿ ಯಾವ ಪರಮಾಣು ಎಷ್ಟು ಒಡೆಯುತ್ತದೆ ಅನ್ನುವ ಸೂತ್ರ ಕೊಟ್ಟಿದ್ದು ಮೇಘನಾದ ಸಹಾ, 1920ರಲ್ಲಿ. ಅದನ್ನು ನಕ್ಷತ್ರಗಳ ಗೆರೆಗಳಿಗೆ ಹಚ್ಚಿ 1925ರಲ್ಲಿ ಸೆಸಿಲಿಯಾ ಪೇನ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಹೈಡ್ರೋಜನ್ ಅಗಾಧ ಅಂತ ತೋರಿಸಿದರು. ಆಗಿನ ಹೆಸರಾಂತ ಖಗೋಳವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಒಪ್ಪಲಿಲ್ಲ. ಅವರ ಮಾತಿಗೆ ಮಣಿದು ಪೇನ್ ತಮ್ಮ ಫಲಿತಾಂಶವನ್ನೇ "ಹೆಚ್ಚುಕಡಿಮೆ ಖಂಡಿತವಾಗಿ ನಿಜವಲ್ಲ" ಅನ್ನುವ ಹಾಗೆ ಬರೆಯಬೇಕಾಯಿತು. ನಾಲ್ಕು ವರ್ಷದ ನಂತರ ರಸೆಲ್ ತಾವೇ ಬೇರೆ ದಾರಿಯಿಂದ ಅದೇ ಜಾಗಕ್ಕೆ ಬಂದರು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಗೂಬೆಕಣ್ಣು | ಮಧ್ಯಾಹ್ನ 12:40
ಹಾಗಾದರೆ ಕರೋನಾ? ಗ್ರಹಣದಲ್ಲಿ ಕಾಣುವ ಬಿಳಿ ಕಿರೀಟ. ಅದರ ತಾಪ 10 ಲಕ್ಷ ಕೆಲ್ವಿನ್ ಮೀರಿದೆ ಅಂತಾರೆ. ಬಿಸಿ ಜಾಸ್ತಿ ಆದರೆ ಬೆಳಕೂ ಜಾಸ್ತಿ ಆಗಬೇಕಲ್ಲ. ಮೇಲ್ಮೈಗಿಂತ ಅದೇ ಪ್ರಖರವಾಗಿ ಉರಿಯಬೇಕಿತ್ತು.

ತರಂಗ | 1:15
ಬಿಸಿ ಇದ್ದ ಮಾತ್ರಕ್ಕೆ ಬೆಳಕು ಬರುವುದಿಲ್ಲ. ಹೊರಸೂಸುವ ವಸ್ತು ಬೇಕು. ಕರೋನಾ ಎಷ್ಟು ತೆಳು ಅಂದರೆ ಬೆಳಕು ಅದರ ಆಚೆಯಿಂದ ಈಚೆಗೆ ಯಾವ ಅಡ್ಡಿಯೂ ಇಲ್ಲದೆ ಹಾದುಬರುತ್ತದೆ. ಬೆಳಕನ್ನು ಹಿಡಿಯಲಾರದ ಅನಿಲ ಬೆಳಕನ್ನು ಚೆನ್ನಾಗಿ ಸೂಸಲೂ ಆರದು. ಇದು ಕಿರ್ಕಾಫ್ ನಿಯಮ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕರೋನಾ ಸೂರ್ಯನ ಹತ್ತು ಲಕ್ಷದಲ್ಲಿ ಒಂದು ಪಾಲು. ಆ ಬಿಳಿ ಕೂಡ ಹೆಚ್ಚಾಗಿ ಕರೋನಾದ ಸ್ವಂತ ಬೆಳಕಲ್ಲ, ಅಲ್ಲಿನ ಎಲೆಕ್ಟ್ರಾನುಗಳು ಚದುರಿಸಿದ ಸೂರ್ಯನ ಬೆಳಕು. ಅದೇ ಎಕ್ಸ್-ರೇಯಲ್ಲಿ ನೋಡಿದರೆ ಮೇಲ್ಮೈ ಕಪ್ಪು, ಕರೋನಾ ಝಗಮಗ.

ಮಬ್ಬುಗತ್ತಲು | 2:30
ನಾನು ನಕ್ಷತ್ರಕ್ಕಿಂತ ನೀಹಾರಿಕೆಯವನು. (ನೀಹಾರಿಕೆ ಮೇಡಂ, ನಿಮ್ಮ ಬಗ್ಗೆ ಅಲ್ಲ.) ದೂರದರ್ಶಕದಲ್ಲಿ ಓರಿಯನ್ ನೀಹಾರಿಕೆ, ಅಂದರೆ ಅಲ್ಲಿನ ಅನಿಲದ ಮೋಡ, ನೋಡಿದರೆ ಮಸುಕಾದ ಬೂದು ಹಸಿರು ಕಾಣುತ್ತದೆ. ಫೋಟೋದಲ್ಲಿ ಕೆಂಪು. ಫೋಟೋ ನೋಡಿ ಬಂದವರಿಗೆ ನಿರಾಸೆ. ಆದರೆ ಆ ಹಸಿರಿನ ಕತೆ ಕೆಂಪಿಗಿಂತ ಚೆನ್ನಾಗಿದೆ.

1864ರಲ್ಲಿ ವಿಲಿಯಂ ಹಗಿನ್ಸ್ ಬೆಕ್ಕಿನ ಕಣ್ಣು ಅನ್ನುವ ನೀಹಾರಿಕೆಗೆ ರೋಹಿತದರ್ಶಕ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಉಪಕರಣ) ಹಿಡಿದರು. ಕಾಮನಬಿಲ್ಲು ಕಾಣಲಿಲ್ಲ. ಬೆರಳೆಣಿಕೆಯ ಹೊಳೆಯುವ ಗೆರೆಗಳು ಮಾತ್ರ. ಹಸಿರಿನ ಗೆರೆಗಳು ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಹೊಸ ಧಾತು ಅಂತ ತೀರ್ಮಾನಿಸಿ ನೆಬ್ಯುಲಿಯಂ ಅಂತ ಹೆಸರೂ ಇಟ್ಟುಬಿಟ್ಟರು. 60 ವರ್ಷಕ್ಕೂ ಹೆಚ್ಚು ಕಾಲ ಅದು ಹಾಗೇ ಇತ್ತು. 1927ರಲ್ಲಿ ಐರಾ ಬೋವೆನ್ ಹೇಳಿದರು, ಅದು ನಮ್ಮ ಆಮ್ಲಜನಕವೇ, ಎರಡು ಎಲೆಕ್ಟ್ರಾನು ಕಳಕೊಂಡದ್ದು. 500.7 ಮತ್ತು 495.9 ನ್ಯಾನೋಮೀಟರ್.

ಪ್ರಯೋಗಾಲಯದಲ್ಲಿ ಯಾಕೆ ಕಂಡಿರಲಿಲ್ಲ? ಆ ಅಯಾನು ಹೆಚ್ಚಿನ ಶಕ್ತಿ ಪಡೆದು ಉದ್ರಿಕ್ತವಾದ ಮೇಲೆ ಫೋಟಾನು ಬಿಡಲು ಸರಾಸರಿ ಅರ್ಧ ನಿಮಿಷ ತಗೊಳ್ಳುತ್ತದೆ. ಸಾಮಾನ್ಯ ಪರಮಾಣುಗಳಿಗೆ ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕು. ನಮ್ಮ ಅತ್ಯುತ್ತಮ ನಿರ್ವಾತದಲ್ಲೂ ಅರ್ಧ ನಿಮಿಷದೊಳಗೆ ಇನ್ನೊಂದು ಕಣವೋ ಗೋಡೆಯೋ ಬಡಿದು ಆ ಶಕ್ತಿಯನ್ನು ಕಿತ್ತುಕೊಳ್ಳುತ್ತದೆ. ನೀಹಾರಿಕೆಯಲ್ಲಿ ಬಡಿಯಲು ಹತ್ತಿರ ಯಾರೂ ಇಲ್ಲ.

ಅರೆನಿದ್ದೆ | 2:41
ಅರ್ಧ ನಿಮಿಷವೇ ಜಾಸ್ತಿಯಾದರೆ ಅದಕ್ಕಿಂತ ಸೋಮಾರಿ ಪರಮಾಣು ಇದೆಯಾ?

ಮಬ್ಬುಗತ್ತಲು | 2:50
ಹೈಡ್ರೋಜನ್ನಿನ 21 ಸೆಂಟಿಮೀಟರ್ ರೇಡಿಯೋ ಅಲೆ. ಒಂದು ಪರಮಾಣು ತಾನಾಗಿ ಅದನ್ನು ಸೂಸಲು ಸರಾಸರಿ 1.1 ಕೋಟಿ ವರ್ಷ ಕಾಯಬೇಕು. ಆದರೂ ಗ್ಯಾಲಕ್ಸಿಯಲ್ಲಿ ಹೈಡ್ರೋಜನ್ ಅಷ್ಟೊಂದಿದೆ, ಹಾಗಾಗಿ ಸಿಗ್ನಲ್ ಸಲೀಸಾಗಿ ಸಿಗುತ್ತದೆ. ವಾನ್ ಡೆ ಹುಲ್ಸ್ಟ್ 1944ರಲ್ಲಿ ಇದು ಸಿಗಬೇಕು ಅಂದರು, 1951ರಲ್ಲಿ ಯೂವೆನ್ ಮತ್ತು ಪರ್ಸೆಲ್ ಹಿಡಿದೇಬಿಟ್ಟರು. ಅದಕ್ಕೆ ಧೂಳು ಅಡ್ಡಬರುವುದಿಲ್ಲ. ಕಾಣುವ ಬೆಳಕಿನ ಪಾಡು ಕೇಳಬೇಡಿ: ನಮ್ಮ ಗ್ಯಾಲಕ್ಸಿಯ ಕೇಂದ್ರದಿಂದ ಹೊರಟ ಒಂದು ಲಕ್ಷ ಕೋಟಿ ಫೋಟಾನುಗಳಲ್ಲಿ ಇಲ್ಲಿಗೆ ತಲುಪುವುದು ಒಂದು.

ಹಾರುವಹಕ್ಕಿ | ಸಂಜೆ 4:05
ನೀವೆಲ್ಲ ವಯಸ್ಸಿನ ಬಗ್ಗೆ ಜಗಳವಾಡುತ್ತಿದ್ದೀರಿ. ಐನ್‌ಸ್ಟೈನ್ ಪ್ರಕಾರ ಬೆಳಕಿನ ವೇಗದಲ್ಲಿ ಹೋಗುವವರಿಗೆ ಸಮಯ ನಿಂತುಹೋಗುತ್ತದೆ. ಫೋಟಾನಿನ ಮಟ್ಟಿಗೆ ಹುಟ್ಟಿದ್ದೂ ತಲುಪಿದ್ದೂ ಒಂದೇ ಕ್ಷಣ. ವಯಸ್ಸು ಸೊನ್ನೆ. ಮುಗೀತು.

ಲೆಕ್ಕದಮೇಷ್ಟ್ರು | 4:22
ಮುಗಿಯಲಿಲ್ಲ. ಸಾಪೇಕ್ಷತಾ ಸಿದ್ಧಾಂತದಲ್ಲಿ ಫೋಟಾನಿನ ಮೇಲೆ ಕೂತು ನೋಡುವವನು ಅನ್ನುವ ಜಾಗವೇ ಇಲ್ಲ. ಯಾರು ಎಲ್ಲಿಂದ ಅಳೆದರೂ ಬೆಳಕಿನ ವೇಗ ಒಂದೇ ಅನ್ನುವುದು ಅದರ ಬುನಾದಿ. ಫೋಟಾನು ನಿಂತಂತೆ ಕಾಣುವ ಜಾಗ ಇದ್ದರೆ ಬುನಾದಿಯೇ ಕುಸಿಯಿತು. ಹಾಗಾಗಿ "ಫೋಟಾನಿಗೆ ಹೇಗನಿಸುತ್ತದೆ" ಅನ್ನುವ ಪ್ರಶ್ನೆಗೆ ಉತ್ತರ ಸೊನ್ನೆ ಅಲ್ಲ. ಅಂಥ ಪ್ರಶ್ನೆಯೇ ಇಲ್ಲ.

ಹಾರುವಹಕ್ಕಿ | 4:30
ದೊಡ್ಡ ದೊಡ್ಡವರೇ ಹಾಗೆ ಹೇಳುತ್ತಾರೆ ಸರ್.

ಲೆಕ್ಕದಮೇಷ್ಟ್ರು | 4:31
ಹೇಳಲಿ ಬಿಡಿ.

ಹಾರುವಹಕ್ಕಿ | 5:02
ಸರಿ, ಇದಕ್ಕೇನು ಹೇಳುತ್ತೀರಿ? 1987ರ ಸೂಪರ್‌ನೋವಾದಲ್ಲಿ (ನಕ್ಷತ್ರದ ಸ್ಫೋಟ) ನ್ಯೂಟ್ರಿನೊ ಬೆಳಕಿಗಿಂತ ಗಂಟೆಗಟ್ಟಲೆ ಮೊದಲೇ ಬಂದಿತ್ತು. ಅಂದರೆ ಬೆಳಕಿಗಿಂತ ವೇಗ?

ತರಂಗ | 5:40
ಮೊದಲು ಬಂದದ್ದು ನಿಜ, ವೇಗ ಜಾಸ್ತಿ ಅನ್ನುವುದು ಸುಳ್ಳು. ಬೆಳಕು ಹೊರಟಿದ್ದೇ ತಡ. ನಕ್ಷತ್ರದ ನಡುಭಾಗ ಕುಸಿದ ಕೂಡಲೇ ನ್ಯೂಟ್ರಿನೊಗಳು ಹೊರಬಿದ್ದವು. ಆಘಾತದ ಅಲೆ ನಕ್ಷತ್ರದ ಒಡಲನ್ನು ಸೀಳಿಕೊಂಡು ಮೇಲ್ಮೈ ಮುಟ್ಟಲು ಕೆಲವು ಗಂಟೆ ಬೇಕು. ಅಲ್ಲಿಯವರೆಗೆ ಹೊರಗಿನವರಿಗೆ ಏನೂ ಕಾಣುವುದಿಲ್ಲ. ನೀಹಾರಿಕೆ ಹೇಳಿದ "ಬೆಳಕು ಕೊನೆಯ ಸಲ ಬಿಡುಗಡೆಯಾಗುವ ಜಾಗ" ಇಲ್ಲೂ ಅದೇ ಆಟ ಆಡಿದೆ.

2011ರಲ್ಲಿ ನ್ಯೂಟ್ರಿನೊಗಳ ವೇಗ ಅಳೆದ ಒಪೇರಾ ಪ್ರಯೋಗದವರು ನ್ಯೂಟ್ರಿನೊ ಬೆಳಕನ್ನು ಮೀರಿಸಿದೆ ಅಂದಾಗ ಹಲವರು ಈ ಸೂಪರ್‌ನೋವಾವನ್ನೇ ಮುಂದಿಟ್ಟರು. ಅದು ಇರುವುದು ಸುಮಾರು 1.68 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಒಪೇರಾದ ಅಳತೆ ನಿಜವಾಗಿದ್ದರೆ, ಆ ನ್ಯೂಟ್ರಿನೊಗಳು ಬೆಳಕಿಗಿಂತ ನಾಲ್ಕು ವರ್ಷ ಮೊದಲೇ ಬಂದು ಹೋಗಿರಬೇಕಿತ್ತು. ಕೊನೆಗೆ ಸಿಕ್ಕಿದ್ದು ಸರಿಯಾಗಿ ಕೂರದ ಒಂದು ಆಪ್ಟಿಕಲ್ ಕೇಬಲ್.

ನಿರ್ವಾಹಕ | 6:10
ಸೂರ್ಯನಿಂದ ಶುರುವಾಗಿ ಕೇಬಲ್‌ಗೆ ಬಂದಿದ್ದೀರಿ. ಪರವಾಗಿಲ್ಲ, ನಡೆಯಲಿ. ಹೊಸ ಪ್ರಶ್ನೆ ಇದ್ದರೆ ಮಾತ್ರ ಬೇರೆ ಎಳೆ ತೆರೆಯಿರಿ.

ಅರೆನಿದ್ದೆ | 7:45
ತಂಗಿಗೆ ಪೂರ್ತಿ ಓದಿಸಿದೆ. "ಬೆಳಕಿಗೆ 8 ನಿಮಿಷ, ಶಕ್ತಿಗೆ ಲಕ್ಷಗಟ್ಟಲೆ, ಇಬ್ಬರೂ ಅರ್ಧರ್ಧ" ಅಂದಳು. ನಾನು ಒಪ್ಪಿಲ್ಲ, ನನಗೆ ಮುಕ್ಕಾಲು ಬರಬೇಕು. ಈಗ ಇಬ್ಬರೂ ಡಿವಿಡಿ ಬಿಡಿಸಿ ಕೂತಿದ್ದೇವೆ. ಕಿರುಬೆಳಕು ಅವರೇ, ಬೆಳ್ಳಿ ಲೇಪ ಹೋಗುತ್ತಲೇ ಇಲ್ಲ.

ಕಿರುಬೆಳಕು | 7:58
ಲೇಪದ ಮೇಲೆ ಗಟ್ಟಿ ಟೇಪ್ ಒತ್ತಿ ಅಂಟಿಸಿ, ಒಂದೇ ಏಟಿಗೆ ಎಳೆಯಿರಿ. ಉಗುರಿನಿಂದ ಕೆರೆಯಬೇಡಿ, ಗೆರೆ ಹಾಳಾಗುತ್ತದೆ. ಅಂಚಿನ ಕಡೆಯ ತುಂಡು ತಗೊಳ್ಳಿ, ಅಲ್ಲಿ ಗೆರೆಗಳ ಬಾಗು ಕಡಿಮೆ.

ಅರೆನಿದ್ದೆ | 8:20
ಬಂತು! ಈಗ ಕತ್ತಲಾಗಿದೆ, ಎಲ್‌ಇಡಿ ಬಲ್ಬಿಗೆ ಹಿಡಿದೆವು. ಕಾಮನಬಿಲ್ಲು ಇದೆ, ಕಪ್ಪು ಗೆರೆ ಒಂದೂ ಇಲ್ಲ.

ಕಿರುಬೆಳಕು | 8:24
ಇರುವುದೂ ಇಲ್ಲ. ಬಲ್ಬಿಗೂ ನಿಮಗೂ ನಡುವೆ ತಣ್ಣನೆಯ ಸೋಡಿಯಂ ಆವಿ ಎಲ್ಲಿದೆ? ನಾಳೆ ಹಗಲಲ್ಲಿ ಕಾಗದಕ್ಕೆ ಹಿಡಿಯಿರಿ. ಆಗಲೂ ಕಾಣದಿದ್ದರೆ ಸೀಳು ಅಗಲವಾಗಿದೆ ಅಂತಲೇ ಅರ್ಥ.